ಮೆಟ್ಟಿಲಿಲ್ಲದ ಮನೆ

ಜಿಲ್ಲಾ ಕೇಂದ್ರದ ತರಬೇತಿಯಲ್ಲಿ ಗೋಡೆಗೊಂದು ಏಣಿ ಅಂಟಿಸಿದ್ದರು.
ಮನುಷ್ಯ ಬದಲಾಗುವುದು ಹೀಗೆ, ಎಂದರು ಉಲಾನ್‌ಬಾತರ್‌ನಿಂದ ಬಂದವರು:
ಕೆಳಗಿನ ಮೆಟ್ಟಿಲಲ್ಲಿ ಅವನಿಗೆ ಗೊತ್ತೇ ಇಲ್ಲ,
ಎರಡರಲ್ಲಿ ಯೋಚಿಸುತ್ತಾನೆ, ಮೂರರಲ್ಲಿ ಟೊಂಕ ಕಟ್ಟುತ್ತಾನೆ,
ನಾಲ್ಕರಲ್ಲಿ ಮಾಡುತ್ತಾನೆ, ಐದರಲ್ಲಿ ಮಾಡುತ್ತಲೇ ಇರುತ್ತಾನೆ.
ಬರೆದುಕೊಂಡೆ. ಊಟ ಚೆನ್ನಾಗಿತ್ತು.
ಮರುದಿನ ಬೈಕಿಗೆ ರಕ್ತದೊತ್ತಡದ ಪೆಟ್ಟಿಗೆ ಬಿಗಿದು
ತಾಮಿರ್ ಹೊಳೆ ದಾಟಿದೆ.

ಸಂಬೂ ಮುದುಕನ ಗೆರ್‌ನಲ್ಲಿ ಏಣಿಗೆ ಜಾಗವಿಲ್ಲ.
ಉಣ್ಣೆಯ ದುಂಡು ಮನೆ; ನಡುವೆ ಒಲೆ, ಒಲೆಯ ಮೇಲೆ ಬಾಣಲೆ,
ಬಾಣಲೆಯಲ್ಲಿ ಹಾಲು, ನೀರು, ಇಟ್ಟಿಗೆ ಚಹಾದ ಚೂರು,
ದೊಲ್ಗೊರ್ ಮುಷ್ಟಿಯಿಂದ ಉದುರುವ ಉಪ್ಪು.
ನೂರಾ ಎಂಬತ್ತೆರಡು, ನೂರಾ ನಾಲ್ಕು.
"ತಲೆನೋವಿಲ್ಲ, ಕುದುರೆ ಹತ್ತುತ್ತೇನೆ, ಕಾಯಿಲೆ ಎಲ್ಲಿದೆ ತೋರಿಸು" ಅಂದ.
ಕೆಳಗಿನ ಮೆಟ್ಟಿಲು, ಎಂದು ಗುರುತು ಹಾಕಿಕೊಂಡೆ.

ಹೆದರಿಸಬೇಕು, ಜೊತೆಗೇ ದಾರಿಯನ್ನೂ ತೋರಿಸಬೇಕು,
ದಾರಿ ಕಾಣದ ಹೆದರಿಕೆ ಕಿವಿ ಮುಚ್ಚಿಕೊಳ್ಳುತ್ತದೆ:
ಅದನ್ನೂ ಬರೆದುಕೊಂಡಿದ್ದೆ.
ಪಾರ್ಶ್ವವಾಯು ಬಡಿದ ಅವನ ತಮ್ಮನ ಹೆಸರೆತ್ತಿದೆ, ಅಷ್ಟೇ.
ಸಂಬೂ ನಶ್ಯದ ಬಾಟಲಿ ನನ್ನ ಕೈಗಿತ್ತು
ಮೋಡದ ಮಾತು ತೆಗೆದ.

ಸೌಟು ಯಾರ ಕೈಯಲ್ಲಿದೆ ಎಂಬುದು
ನಾಲ್ಕನೇ ಸಲ ಹೋದಾಗ ಕಣ್ಣಿಗೆ ಬಿತ್ತು.
ಐದು ತಿಂಗಳು ನಾನು ಬಾಯಿಗೆ ಹೇಳಿದ್ದೆ, ಕೈಗಲ್ಲ.

ದೊಲ್ಗೊರ್‌ಗೆ ಅವಳದೇ ಲೆಕ್ಕ:
ದಿನದ ಮೊದಲ ಸೌಟು ಆಕಾಶಕ್ಕೆ. ಸಪ್ಪೆ ಚಹಾ ಎರಚಲೇ?
ದಾರಿಹೋಕ ಬಾಗಿಲು ತಳ್ಳಿ ಬಂದು ಒಂದು ಗುಟುಕು ಕುಡಿದು
ಈ ಮನೆಯ ಕೈ ಬಿಗಿ ಅಂದುಕೊಂಡರೆ?
ಉಪ್ಪು ತಿಂದ ಮನೆ ಎಂದು ನೆನೆಯುವುದು ಉಪ್ಪಿದ್ದರೆ ತಾನೇ.
ಚಿತ್ರದ ಏಣಿಯಲ್ಲಿ ಒಬ್ಬನೇ ಹತ್ತುತ್ತಿದ್ದ.
ಅವನ ಹಿಂದೆ ಅತಿಥಿ ಇರಲಿಲ್ಲ, ಹೆಂಡತಿ ಇರಲಿಲ್ಲ,
ಆಕಾಶ ಇರಲಿಲ್ಲ.

ಪಾಠ ಬಿಟ್ಟು ಕೇಳಿದೆ:
"ನಿಮ್ಮಿಂದ ಆಗುವಷ್ಟು ಎಷ್ಟು?"
ಅವಳು ಮುಷ್ಟಿ ಬಿಚ್ಚಿ ನೋಡಿಕೊಂಡಳು.
ನಲವತ್ತು ವರ್ಷದಲ್ಲಿ ಮೊದಲ ಸಲ ಇರಬೇಕು, ತನ್ನ ಮುಷ್ಟಿ ತಾನು ನೋಡಿದ್ದು.
ಎರಡು ಬೆರಳಷ್ಟು ಹರಳು ಚೀಲಕ್ಕೆ ಮರಳಿಸಿದಳು.
"ಇಷ್ಟು."

ಹುಲ್ಲು ಹಳದಿಯಾಗುವ ಹೊತ್ತಿಗೆ ಇನ್ನೆರಡು ಬೆರಳು.
ಆಚೆ ಕಣಿವೆಯ ಯಾಂಜಿನ್ ತನ್ನ ಚಹಾವೂ ಈಗ ಹಾಗೇ ಎಂದು
ಸುಳ್ಳೋ ನಿಜವೋ ಹೇಳಿದ್ದು
ನನ್ನ ಕರಪತ್ರಕ್ಕಿಂತ ದೂರ ಹೋಯಿತು.
ಅತಿಥಿಗೆ ಪಕ್ಕದಲ್ಲೊಂದು ಪುಟ್ಟ ಬಟ್ಟಲು: ಬೇಕಾದಷ್ಟು ಹಾಕಿಕೊಳ್ಳಿ.
ಆಕಾಶ ಗೊಣಗಲಿಲ್ಲ.
ಸಂಬೂ ಕೂಡ.
ಗೊಣಗದಿರಲು ಅವನಿಗೆ ಕಾರಣವಿತ್ತು:
ನಿಲುವಂಗಿಯ ಮಡಿಕೆಯಲ್ಲಿ, ಕುರಿಗಳು ನೆಕ್ಕುವ ಉಪ್ಪಿನ ಹೆಂಟೆ.

ಸಿಕ್ಕಿಬಿದ್ದ ದಿನ ಮೂವರೂ ನಕ್ಕೆವು;
ದೊಲ್ಗೊರ್ ನಗು ಮುಗಿಯುವ ಮೊದಲೇ ಅತ್ತಳು.
ಏಣಿಯ ಪ್ರಕಾರ ಅವನು ಬಿದ್ದಿದ್ದ.
ಆದರೆ ಇಲ್ಲಿ ಯಾರೂ ಹತ್ತುವುದಿಲ್ಲ, ಬೀಡು ಬದಲಿಸುತ್ತಾರೆ:
ಚಳಿಗಾಲದ ಬೀಡು, ವಸಂತದ ಬೀಡು, ಬೇಸಿಗೆಯದು,
ಸುತ್ತಿ ಮತ್ತೆ ಚಳಿಗಾಲದ್ದು.
ಅದೇ ಬಂಡೆಯ ಮರೆಗೆ ಮರಳಿದವರನ್ನು ಸೋತರು ಎನ್ನುವವರಿಲ್ಲ.
ಹಳೇ ಒಲೆಯ ಕಪ್ಪು ಗುರುತಿನ ಮೇಲೆ
ಹೊಸ ಬೆಂಕಿ ಹಾಕುತ್ತಾರೆ.

ವಸಂತದಲ್ಲಿ ನೂರಾ ಅರವತ್ತೆಂಟು.
ಹೆಂಟೆ ಚಿಕ್ಕದಾಗಿತ್ತು. ಕುರಿ ನೆಕ್ಕಿತೋ, ಅವನೋ, ಕೇಳಲಿಲ್ಲ.
ನಮೂನೆಯಲ್ಲಿ 'ಯಾವ ಮೆಟ್ಟಿಲು' ಎಂಬ ಕಲಮು.
'ವಸಂತದ ಬೀಡು' ಎಂದು ಬರೆದೆ.
ಕೆಂಪು ಶಾಯಿಯ ಪ್ರಶ್ನೆ ಹೊತ್ತು ಹಾಳೆ ವಾಪಸು ಬಂತು.

ಆ ರಾತ್ರಿ ನನ್ನ ಒಲೆಗೆ ನನ್ನ ಬಾಣಲೆ ಇಟ್ಟೆ.
ಉಪ್ಪಿನ ಡಬ್ಬಿಗೆ ಹೋದ ಕೈ
ಯಾರೂ ನೋಡುತ್ತಿಲ್ಲವೆಂದು ತಿಳಿದು
ತುಂಬಿಕೊಂಡೇ ಬಂತು.
ಮುಷ್ಟಿಯನ್ನು ಆವಿಯ ಮೇಲೆ ಹಿಡಿದು ನಿಂತೆ.
ಚಹಾ ಉಕ್ಕುತ್ತಿತ್ತು.